ದೊರೆ ಫಾರೂಕನ ಪತನ: ಸ್ವಯಂಕೃತಾಪರಾಧವೇ?

ಪರ

ಹೌದು, ಅವನದೇ ಕೈವಾಡ. 1936ರಲ್ಲಿ ತಂದೆ, ಈಜಿಪ್ಟಿನ ದೊರೆ ಫುವಾದ್ ತೀರಿಕೊಂಡು ಫಾರೂಕ್ ಇಂಗ್ಲೆಂಡಿನಿಂದ ಮರಳಿದಾಗ ಅವನಿಗಿನ್ನೂ 16. ಈಜಿಪ್ಟ್ ಆ ಹುಡುಗನನ್ನು ಕಣ್ಣಿಗೊತ್ತಿಕೊಂಡಿತು. ಅಪ್ಪನಿಗೆ ಅರಬ್ಬಿ ಸರಿಯಾಗಿ ಬಾರದು. ಮಗನೋ ರೇಡಿಯೊದಲ್ಲಿ ಜನರ ಭಾಷೆಯಲ್ಲೇ ಮಾತನಾಡಿದ. ಅಷ್ಟು ಪ್ರೀತಿಯನ್ನು ಜೂಜಿನ ಮೇಜಿನಲ್ಲಿ ಕರಗಿಸಿದ. ಜನ ಮೆಚ್ಚಿದ್ದ ರಾಣಿ ಫರೀದಾಗೆ 1948ರಲ್ಲಿ ತಲಾಕ್ ಕೊಟ್ಟ. ಅದೇ ವರ್ಷ ಪ್ಯಾಲೆಸ್ತೀನ್ ಯುದ್ಧಕ್ಕೆ ಹೋದ ಸೈನ್ಯ ಸೋತಿತು. ಕಳಪೆ ಶಸ್ತ್ರಾಸ್ತ್ರ ಖರೀದಿಯ ಹಗರಣ ಅರಮನೆಯ ಹೊಸ್ತಿಲವರೆಗೂ ಬಂತು.

1952ರ ಜನವರಿ 26ರಂದು ಕೈರೋ ಹೊತ್ತಿ ಉರಿಯಿತು. ಶೆಪರ್ಡ್ಸ್ ಹೋಟೆಲ್, ಸಿನಿಮಾ ಮಂದಿರಗಳು, ಅಂಗಡಿಗಳು ಬೂದಿಯಾದವು. ಆ ದಿನ ಅಬ್ದೀನ್ ಅರಮನೆಯಲ್ಲಿ ಏನು ನಡೆದಿತ್ತು? ಗಂಡುಮಗು ಹುಟ್ಟಿದ ಸಂಭ್ರಮಕ್ಕೆ ಸೈನ್ಯಾಧಿಕಾರಿಗಳಿಗೆ ಔತಣ! ಉಣ್ಣಲು ಕೂರಿಸಿದ ಸೈನ್ಯವೇ ಆರು ತಿಂಗಳಲ್ಲಿ ಅವನನ್ನು ಗಾದಿಯಿಂದ ಎಬ್ಬಿಸಿತು.

ವಿರೋಧ

ಔತಣದ ತಟ್ಟೆ ತೋರಿಸಿ ಇತಿಹಾಸ ಹೇಳುವುದು ಸುಲಭ. ಅದೇ ಅರಮನೆಯ ಇನ್ನೊಂದು ದಿನವನ್ನೂ ನೋಡಬೇಕು. 1942ರ ಫೆಬ್ರುವರಿ 4ರ ರಾತ್ರಿ ಬ್ರಿಟಿಷ್ ಟ್ಯಾಂಕುಗಳು ಅಬ್ದೀನನ್ನು ಸುತ್ತುವರಿದವು. ರಾಯಭಾರಿ ಮೈಲ್ಸ್ ಲ್ಯಾಂಪ್ಸನ್ ಒಳಹೊಕ್ಕು ಪದತ್ಯಾಗದ ಪತ್ರವನ್ನು ಮುಂದಿಟ್ಟ. ವಫ್ದ್ ಪಕ್ಷದ ನಹಾಸ್ ಪಾಷಾನಿಗೆ ಸರ್ಕಾರ ಒಪ್ಪಿಸದಿದ್ದರೆ ದೊರೆ ಇಳಿಯಬೇಕೆಂಬುದು ಷರತ್ತು. 22 ತುಂಬಲು ಇನ್ನೂ ಒಂದು ವಾರವಿದ್ದ ಫಾರೂಕ್ ಸಹಿಗೆ ಸಿದ್ಧನಾಗಿ, ಆಪ್ತನೊಬ್ಬನ ಪಿಸುಮಾತಿಗೆ ತಡೆದು, ಷರತ್ತಿಗೆ ತಲೆಬಾಗಿದ. ದೊರೆಗಾದ ಈ ಅವಮಾನ ತಾಳಲಾರದೆ ರಾಜೀನಾಮೆ ಬರೆದ ಅಧಿಕಾರಿಗಳಲ್ಲಿ ಒಬ್ಬ ಮೊಹಮ್ಮದ್ ನಗೀಬ್. ಹತ್ತು ವರ್ಷ ಕಳೆದ ಮೇಲೆ ದಂಗೆಯ ಮುಂದಾಳಾಗಿ ಬಂದವನೂ ಅವನೇ. ಜೂಜಿನ ಕತೆ ಹೇಳುವವರು ಈ ಎಳೆಯನ್ನು ಮುಟ್ಟುವುದೇ ಇಲ್ಲ.

ಕೈರೋ ಉರಿದದ್ದೂ ಔತಣದ ಮೇಲಿನ ಸಿಟ್ಟಿಗಲ್ಲ, ಹಿಂದಿನ ದಿನ ಇಸ್ಮಾಯಿಲಿಯಾದಲ್ಲಿ ಬ್ರಿಟಿಷ್ ಪಡೆ ಈಜಿಪ್ಟಿನ ಪೊಲೀಸರನ್ನು ಕೊಂದದ್ದಕ್ಕೆ. ಆ ಪಡೆಯನ್ನು ಸುಯೆಜ್ ಕಾಲುವೆಯ ದಂಡೆಯಲ್ಲಿ ಉಳಿಸಿದ್ದು ಬ್ರಿಟನ್ ಜೊತೆಗಿನ 1936ರ ಒಪ್ಪಂದ. ಆಗ ದೊರೆ ಇನ್ನೂ ಅಪ್ರಾಪ್ತ, ರಾಜ್ಯ ನಡೆಸುತ್ತಿದ್ದವರು ಬೇರೆ. ಫಾರೂಕ್ ಸಂತನಲ್ಲ, ಒಪ್ಪೋಣ. ಸಂತನೇ ಕೂತಿದ್ದರೂ ಆ ಗಾದಿ ಎಷ್ಟು ದಿನ ಬಾಳುತ್ತಿತ್ತು?

1952ರ ಜುಲೈ 26ರ ಸಂಜೆ ಆರಕ್ಕೆ ಅಲೆಕ್ಸಾಂಡ್ರಿಯದಲ್ಲಿ 21 ತೋಪು ಹಾರಿದವು. ಪದಚ್ಯುತ ದೊರೆಯನ್ನು ಹೊತ್ತು ‘ಮಹ್ರೂಸಾ’ ನೌಕೆ ಹೊರಟಿತು. 1879ರಲ್ಲಿ ಅವನ ತಾತ ಇಸ್ಮಾಯಿಲನನ್ನು ದೇಶದಾಚೆಗೆ ಒಯ್ದದ್ದೂ ಅದೇ ನೌಕೆ. ತಾತನನ್ನು ಇಳಿಸಲು ಒತ್ತಡ ಹಾಕಿದ್ದು ಬ್ರಿಟನ್ ಮತ್ತು ಫ್ರಾನ್ಸ್.