ಅರವತ್ತರಲ್ಲಿ ಎಂಟು ನಿಮಿಷ

ನಿನ್ನೆ ಸಂಜೆ ಬೆಟಗೇರಿಯಲ್ಲಿ ಹಾಕಿ ಪಂದ್ಯ ನೋಡಿ ಬಂದೆ. ಹೆಂಡತಿ ಕೊಟ್ಟ ಚಹಾ ಎರಡು ಸಲ ಆರಿತು, ನಾನು ಆರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಂಡದಲ್ಲಿ ಹದಿನೇಳರ ಒಬ್ಬ ಫಾರ್ವರ್ಡ್ ಇದ್ದಾನೆ. ಹೆಸರು ಬೇಡ, ಆಟ ನೋಡುವವರಿಗೆ ಗೊತ್ತು. ಗರಸಿನ ಮೈದಾನದಲ್ಲಿ ಚೆಂಡು ಯಾವ ಕಡೆ ಪುಟಿಯುತ್ತದೆ ಎಂಬುದು ದೇವರಿಗೂ ತಿಳಿಯದು. ಇವನ ಸ್ಟಿಕ್‌ಗೆ ತಿಳಿಯುತ್ತದೆ. ಅಂಥವನನ್ನು 60 ನಿಮಿಷದ ಪಂದ್ಯದಲ್ಲಿ ಆಡಿಸಿದ್ದು 8 ನಿಮಿಷ. ಎಂಟು! ಅದೂ ಕೊನೆಯ ಕ್ವಾರ್ಟರಿನಲ್ಲಿ, 0–2ರಿಂದ ಹಿಂದೆ ಬಿದ್ದ ಮೇಲೆ. ಇಳಿದವನೇ ಬಲಗಡೆಯಿಂದ ಇಬ್ಬರನ್ನು ದಾಟಿ ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ನುಗ್ಗಿ ಪೆನಾಲ್ಟಿ ಕಾರ್ನರ್, ಅಂದರೆ ಗೋಲು ಹೊಡೆಯಲು ಸಿಗುವ ವಿಶೇಷ ಅವಕಾಶ, ಗಿಟ್ಟಿಸಿದ. ಅದು ಗೋಲಾಯಿತು. 1–2ರಲ್ಲಿ ಸೋತೆವು. ಅಲ್ಲಿಯವರೆಗೆ ಮುಂದಿನ ಸಾಲಿನಲ್ಲಿ ನಿಂತಿದ್ದ ಹಿರಿಯರು ಡಿ ಒಳಗೆ ಕಾಲಿಟ್ಟದ್ದನ್ನು ನಾನಂತೂ ಕಾಣಲಿಲ್ಲ. ‘ನಿಂತಿದ್ದ’ ಎಂದು ಬೇಕೆಂದೇ ಬರೆದಿದ್ದೇನೆ.

ತರಬೇತುದಾರರನ್ನು ಕೇಳಿದೆ. “ಈಗ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದಲ್ಲರೀ, ಮೊದಲ ಹನ್ನೊಂದರಲ್ಲಿ ಯಾರಿದ್ದರೇನು?” ಎಂದರು. ನಿಜ, ಬದಲಾಯಿಸಬಹುದು. ಬದಲಾಯಿಸಿದಿರಾ? ಫಾರ್ವರ್ಡ್‌ಗಳು ಐದಾರು ನಿಮಿಷ ಜೀವ ಬಿಟ್ಟು ಓಡಿ, ಹೊರಗೆ ಬಂದು ದಣಿವಾರಿಸಿಕೊಂಡು ಮತ್ತೆ ಇಳಿಯಲು ಅನುಕೂಲವಾಗುವ ನಿಯಮ ಅದು. ನಮ್ಮಲ್ಲಿ ಒಳಗೆ ಹೊರಗೆ ಓಡಾಡಿದ್ದು ನೀರಿನ ಬಾಟಲಿ ಮಾತ್ರ.

ಹುಡುಗ ಹಿಂದೆ ಬಂದು ಎದುರಾಳಿಯ ಚೆಂಡು ಕಸಿಯಲು ಟ್ಯಾಕಲ್ ಮಾಡುವುದಿಲ್ಲ ಎಂಬುದು ಇನ್ನೊಂದು ತಕರಾರು. ಒಪ್ಪಿದೆ, ಮಾಡುವುದಿಲ್ಲ. ಬೆಂಚಿನ ಮೇಲೆ ಕುಳಿತು ಟ್ಯಾಕಲ್ ಕಲಿಯುವ ವಿದ್ಯೆ ಇದ್ದರೆ ತಿಳಿಸಿ, ನಾನೂ ಹೋಗಿ ಕೂರುತ್ತೇನೆ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫಾರ್ವರ್ಡ್ ಬಲ್ಬೀರ್ ಸಿಂಗ್ ಅರ್ಜೆಂಟೀನಾ ಮೇಲೆ 6 ಗೋಲು ಹೊಡೆದರು. ಮುಂದಿನ ಪಂದ್ಯಕ್ಕೆ ಅವರನ್ನೇ ಕೂರಿಸಿದರು! ಫೈನಲ್‌ಗೆ ಕರೆದಾಗ ಬ್ರಿಟನ್ ವಿರುದ್ಧದ 4–0 ಗೆಲುವಿನ ಮೊದಲೆರಡು ಗೋಲು ಅವರವೇ. ನಮ್ಮ ಹುಡುಗ ಬಲ್ಬೀರ್ ಎಂದು ನಾನು ಹೇಳುತ್ತಿಲ್ಲ, ಜಗಳಕ್ಕೆ ಬರಬೇಡಿ. ಎಂಟು ನಿಮಿಷದಲ್ಲಿ ಬಲ್ಬೀರ್ ಆಗಿದ್ದರೂ ಏನು ಮಾಡುತ್ತಿದ್ದರು?

ಇಷ್ಟೆಲ್ಲ ಬರೆಯುವ ನಾನು ಕೊನೆಯ ಎರಡು ವರ್ಷ ಆಡಿದ್ದು ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿ. ಯಾರಿಗೂ ಕಾಣದಂತೆ ಮೇಲೆ ಸ್ಟಾಕಿಂಗ್ಸ್ ಎಳೆದುಕೊಳ್ಳುತ್ತಿದ್ದೆ. ಹೊರಗೆ ಬಾ ಎಂದು ಕೋಚ್ ಕೈ ಮಾಡಿದರೆ ಆ ಕಡೆ ನೋಡುತ್ತಲೇ ಇರಲಿಲ್ಲ. ಒಮ್ಮೆ ಹೊರಬಂದರೆ ಮತ್ತೆ ಕರೆಯುವುದಿಲ್ಲ ಎಂಬ ಹೆದರಿಕೆ. ಬೆಂಚಿನ ಮೇಲೆ ಆಗಲೂ ಒಬ್ಬ ಹುಡುಗನಿದ್ದ. ಎರಡನೆಯ ವರ್ಷಕ್ಕೆ ಸ್ಟಿಕ್ ಬಿಟ್ಟ. ಈಗ ಬಜಾರಿನಲ್ಲಿ ಸಿಕ್ಕರೆ “ಆರಾಮ ಇದ್ದೀರಾ ಅಣ್ಣಾ” ಎನ್ನುತ್ತಾನೆ. ಹಾಕಿಯ ಮಾತನ್ನು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನಿನ್ನೆ ಪಂದ್ಯ ಮುಗಿದ ಮೇಲೆ ಈ ಹುಡುಗನಿಗೆ ಗಿರ್ಮಿಟ್ ಕೊಡಿಸಿದೆ. “ಕಾಕಾ, ಭಾನುವಾರ ಮೊದಲಿನಿಂದ ಇಳಿಸುತ್ತಾರಾ?” ಎಂದು ಕೇಳಿದ. ನನ್ನ ಬಾಯಲ್ಲಿ ಮಿರ್ಚಿ ಇತ್ತು, ಅಗಿಯುತ್ತಲೇ ಇದ್ದೆ.

ಭಾನುವಾರದ ಪಂದ್ಯ ಸಂಜೆ ನಾಲ್ಕಕ್ಕೆ. ಬಿಡುವಿದ್ದವರು ಬನ್ನಿ, ಕೂಗಲು ಜನ ಬೇಕು.