ಕುದುರೆಮುಖಕ್ಕೆ ಹನ್ನೆರಡು ತಿಂಗಳೂ ಇವೆ

ಜೂನ್ ಕಳೆಯುತ್ತಿದ್ದಂತೆ ಗೆಳೆಯರೆಲ್ಲ ಕೇಳುವ ಪ್ರಶ್ನೆ ಒಂದೇ: ಕುದುರೆಮುಖ ಚಾರಣಕ್ಕೆ ಯಾವ ವಾರ ಹೋದರೆ ಒಳ್ಳೆಯದು? ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಮಾತ್ರ ಮಲೆನಾಡು ನೋಡಲು ಚೆಂದ ಎಂಬ ಈ ನಂಬಿಕೆಯಿಂದ ಬೆಟ್ಟಕ್ಕೂ ನಷ್ಟ, ನೋಡಲು ಬರುವವರಿಗೂ ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ.

ಜುಲೈ ತಿಂಗಳಲ್ಲಿ 1,894 ಮೀಟರ್ ಎತ್ತರದ ಆ ಶಿಖರ ಹತ್ತಿದವರಿಗೆ ಹೆಚ್ಚಿನ ದಿನಗಳಲ್ಲಿ ಕಾಣುವುದು ಮಂಜು ಮತ್ತು ಮುಂದೆ ನಡೆಯುವವರ ಬೆನ್ನು. ಮಳೆಗಾಲದ ನಿಜವಾದ ನೋಟ ಇರುವುದು ಕೆಳಗೆ, ರಾತ್ರಿಯ ಹೊತ್ತು, ಹಳ್ಳಿಯ ಯಾವುದಾದರೊಂದು ಕೆರೆಯ ಅಂಚಿನಲ್ಲಿ. ನೀರಿನ ಮೇಲೆ ಬಾಗಿದ ಕೊಂಬೆಯ ಎಲೆಗಳನ್ನು ಸೇರಿಸಿ ಹಸಿರು ಹಾರುಕಪ್ಪೆ ಕಟ್ಟಿದ ನೊರೆಯ ಗೂಡನ್ನು ನಾನು ಮೊದಲು ನೋಡಿದ್ದು ಹಾಗೆಯೇ. ಮುಷ್ಟಿಯಷ್ಟು ದೊಡ್ಡ ಆ ಬಿಳಿ ನೊರೆಯೊಳಗೆ ಮೊಟ್ಟೆಯೊಡೆದ ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತಿದ್ದವು. ಉಂಬಳಗಳು ಕಾಲಿಗೆ ಹತ್ತಿದ್ದು ನಮಗೆ ತಿಳಿದದ್ದು ಮನೆಗೆ ಬಂದ ಮೇಲೆ.

ಮಳೆ ಹಿಂದೆ ಸರಿದ ಮೇಲೆ, ನವೆಂಬರ್ ಹೊತ್ತಿಗೆ, ಹುಲ್ಲುಗಾವಲು ಹೊಂಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಜಾವ, ಹುಲ್ಲುಗಾವಲಿನ ನಡುವಿನ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಅಂಚಿನಲ್ಲಿ ಕಡವೆಯೋ ಕಾಟಿಯೋ ಕಾಣುವ ಸಾಧ್ಯತೆ ಆಗಲೇ ಹೆಚ್ಚು. ಜನವರಿ ದಾಟಿದರೆ ಮಂಗಟ್ಟೆಗಳ ಕಾಲ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕುಳಿತು ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು, ಉಳಿಸಿಕೊಂಡ ಕಿರಿದಾದ ಸೀಳಿನಲ್ಲಿ ಗಂಡು ತಂದುಕೊಡುವ ಆಹಾರದಿಂದಲೇ ವಾರಗಟ್ಟಲೆ ಬದುಕುತ್ತದೆ. ಅಂತಹ ಮರದ ಬಳಿ ಗುಂಪು ಕೂಡಿದರೆ ಗಂಡು ಹತ್ತಿರ ಬರುವುದಿಲ್ಲ, ಆದ್ದರಿಂದ ದೂರದಿಂದ ದುರ್ಬೀನಿನಲ್ಲಿ ನೋಡುವುದೇ ಸರಿ.

ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸಿದಾಗ ಬೇಸರಪಡುವವರನ್ನು ಕಂಡಿದ್ದೇನೆ. ಒಣಗಿದ ಹುಲ್ಲಿಗೆ ಒಂದು ಬೀಡಿಯ ಕಿಡಿ ಬಿದ್ದರೆ ಇಡೀ ಗುಡ್ಡ ಉರಿದುಹೋಗುತ್ತದೆ. ಮಳೆನೀರನ್ನು ಹಿಡಿದಿಟ್ಟು ತುಂಗೆ, ಭದ್ರೆ, ನೇತ್ರಾವತಿಗಳಿಗೆ ಬಿಟ್ಟುಕೊಡುವುದು ಈ ಹುಲ್ಲು ಮತ್ತು ಶೋಲಾ. ಆ ತಿಂಗಳುಗಳಲ್ಲಿ ಬೆಟ್ಟವನ್ನು ಬಿಟ್ಟು ತಪ್ಪಲಿನ ಊರುಗಳಿಗೆ ಬನ್ನಿ. ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ಒಂದೇ ಮರದಲ್ಲಿ ಸಾವಿರಾರು ಮಿಂಚುಹುಳಗಳು ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವುದನ್ನು ನೋಡಲು ಟಾರ್ಚ್ ಆರಿಸಿದರೆ ಸಾಕು.

ನನಗೆ ಅತಿ ಹೆಚ್ಚು ನೋವು ಕೊಡುವುದು ಘಾಟಿ ರಸ್ತೆಗಳಲ್ಲಿ ಸಿಂಗಳೀಕಗಳಿಗೆ ಬಿಸ್ಕತ್ತು ಎಸೆಯುವ ಅಭ್ಯಾಸ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲದ, ಮರದ ಮೇಲೆಯೇ ಬದುಕು ಕಳೆಯುವ ಪ್ರಾಣಿಯದು. ಪೊಟ್ಟಣದ ರುಚಿ ಹತ್ತಿತೆಂದರೆ ಅದು ನೆಲಕ್ಕಿಳಿಯುತ್ತದೆ, ವಾಹನದ ಚಕ್ರಕ್ಕೆ ಸಿಗುತ್ತದೆ. 2005ರ ಕೊನೆಗೆ ಅದಿರಿನ ಗಣಿಯನ್ನೇ ನಿಲ್ಲಿಸಿ ಉಳಿಸಿಕೊಂಡ ಕಾಡಿನಲ್ಲಿ ಹೀಗಾಗಬಾರದು.

ಕಳೆದ ಡಿಸೆಂಬರಿನಲ್ಲಿ, ಹಳೆಯ ದಕ್ಷಿಣ ಕನ್ನಡ (ಸೌತ್ ಕೆನರಾ) ಜಿಲ್ಲೆಯ ಗಡಿಯಾದ ಎಸ್.ಕೆ. ಬಾರ್ಡರ್ ಕಡೆಗೆ ಹೋಗುತ್ತಿದ್ದಾಗ ನಮ್ಮ ಚಾಲಕರು ಮಾತಿಲ್ಲದೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು. ತಲೆಯ ಮೇಲೆ, ರಸ್ತೆಯ ಎರಡೂ ಬದಿಯ ಮರಗಳು ಕೂಡುವಲ್ಲಿ, ಸಿಂಗಳೀಕಗಳ ಗುಂಪೊಂದು ಕೊಂಬೆಯಿಂದ ಕೊಂಬೆಗೆ ದಾಟುತ್ತಿತ್ತು. ಕೊನೆಯ ತಾಯಿ ಹೊಟ್ಟೆಗೆ ಮರಿಯನ್ನು ಅಪ್ಪಿಕೊಂಡು ಜಿಗಿದು ಎಲೆಗಳೊಳಗೆ ಮರೆಯಾಗುವವರೆಗೂ ಗಾಡಿಯಲ್ಲಿದ್ದ ಯಾರೂ ಬಾಗಿಲು ತೆರೆಯಲಿಲ್ಲ.