ಉಪ್ಪಾಗೆ ತುಪ್ಪ, ಉಪ್ಪಾಗೆ ಮಾತ್ರೆ

ಶನಿವಾರ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮುಗಿಸಿ ಯಥಾಪ್ರಕಾರ ದೋಸೆಗೆ ಕೂತಿದ್ದೆವು. ಎರಡು ಸುತ್ತು ನಡೆದು ಮೂರು ಸುತ್ತಿನಷ್ಟು ತಿನ್ನುವ ಗುಂಪು ನಮ್ಮದು. ಮಸಾಲೆ ದೋಸೆ ಮೇಲಿನ ಬೆಣ್ಣೆ ಇನ್ನೂ ಕರಗಿರಲಿಲ್ಲ, ಗೆಳೆಯ ಜೇಬಿನಿಂದ ಡಬ್ಬಿ ತೆಗೆದು ಎರಡು ಕ್ಯಾಪ್ಸೂಲ್ ನುಂಗಿದ.

"ಇನ್ನು ಎಷ್ಟು ಬೆಣ್ಣೆ ತಿಂದ್ರೂ ಮೈಗೆ ಹತ್ತಲ್ಲ ಕಣೋ. ಪೂರಾ ಗಿಡದ್ದು, ಸೈಡ್ ಎಫೆಕ್ಟೇ ಇಲ್ಲ."

ಡಬ್ಬಿ ಇಸ್ಕೊಂಡು ಓದಿದೆ. ಗಾರ್ಸೀನಿಯಾ ಕ್ಯಾಂಬೋಜಿಯಾ. ನಗು ತಡೆಯಲಾಗಲಿಲ್ಲ. ಅಯ್ಯೋ, ಇದು ನಮ್ಮ ಶಿರಸಿ ಕಡೆಯ ಉಪ್ಪಾಗೆ!

ಮಳೆಗಾಲದಲ್ಲಿ ಹಣ್ಣು ತಂದು ಸಿಪ್ಪೆ ಬಿಡಿಸಿ ಹೊಗೆಯಲ್ಲಿ ಒಣಗಿಸುತ್ತಾರೆ. ಅದು ಕಪ್ಪಗೆ ಮುರುಟಿಕೊಳ್ಳುತ್ತದೆ. ಮಾತ್ರೆಗೆ ಹೋಗುವುದು ಆ ಸಿಪ್ಪೆಯ ಸಾರ. ಬೀಜವನ್ನು ನಮ್ಮ ದೊಡ್ಡಮ್ಮ ಬಿಸಾಡುತ್ತಿರಲಿಲ್ಲ. ಒಣಗಿಸಿ, ಅರೆದು, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದಿಡುತ್ತಿದ್ದರು. ಅದೇ ಉಪ್ಪಾಗೆ ತುಪ್ಪ. ದೋಸೆ ಕಾವಲಿಗೆ ಸವರುತ್ತಿದ್ದದ್ದೂ ಅದನ್ನೇ. ಒಂದೇ ಹಣ್ಣು: ಊರಲ್ಲಿ ಬೀಜದಿಂದ ಕೊಬ್ಬು ತೆಗೆಯುತ್ತಾರೆ, ಬೆಂಗಳೂರಲ್ಲಿ ಸಿಪ್ಪೆಯಿಂದ ಕೊಬ್ಬು ಕರಗಿಸುತ್ತಾರೆ.

ಕರಗುತ್ತದಾ? ಸಿಪ್ಪೆಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇದೆ. ತಿಂದ ಅನ್ನ, ಸಕ್ಕರೆ ಮೈಯಲ್ಲಿ ಕೊಬ್ಬಾಗುವುದನ್ನು ಅದು ತಡೆಯುತ್ತದೆ ಅನ್ನುವುದು ವಾದ. ಬೆಣ್ಣೆ ಹೊಟ್ಟೆಗೆ ಬರುವಾಗಲೇ ಕೊಬ್ಬು. ಅಂದರೆ ನನ್ನ ಗೆಳೆಯನ ಲೆಕ್ಕ ಮೊದಲೇ ತಪ್ಪಿತ್ತು. ಆ ವಾದವಾದರೂ ನಿಂತಿತಾ ಅಂದರೆ ಅದೂ ಇಲ್ಲ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ಇದು, ಉಳಿದವರಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ಎಲ್ಲರಿಗೂ ಒಂದೇ ಪಥ್ಯ. ಕೊನೆಗೆ ಖಾಲಿ ಮಾತ್ರೆಯವರಿಗಿಂತ ಇವರೇನೂ ಹೆಚ್ಚು ಇಳಿಯಲಿಲ್ಲ.

ತಿಂದ ಕೊಬ್ಬು ಒಳಗೆ ಹೀರಿಕೊಳ್ಳದಂತೆ ತಡೆಯುವ ಔಷಧಿ ಇಲ್ಲವಾ? ಇದೆ. ಆರ್ಲಿಸ್ಟಾಟ್. ಮೂಲ ಗಿಡವಲ್ಲ, ಒಂದು ಬ್ಯಾಕ್ಟೀರಿಯಾ. ಕೊಬ್ಬನ್ನು ತುಂಡರಿಸುವ ಲೈಪೇಸ್ ಅನ್ನುವ ಕಿಣ್ವದ ಕೈ ಕಟ್ಟುತ್ತದೆ. ತುಂಡಾಗದ ಕೊಬ್ಬು ಕರುಳಿನ ಗೋಡೆ ದಾಟುವುದಿಲ್ಲ. ಊಟದ ಜೊತೆ 120 ಮಿಲಿಗ್ರಾಂ ತಗೊಂಡರೆ ತಿಂದ ಕೊಬ್ಬಿನಲ್ಲಿ ಸುಮಾರು ಶೇ. 30ರಷ್ಟು ಹಾಗೇ ಹೊರಗೆ ಹೋಗುತ್ತದೆ. ಹೇಗೆ ಹೋಗುತ್ತದೆ ಅಂತ ಊಟದ ಹೊತ್ತಲ್ಲಿ ಬರೆಯಬಾರದು, ಆದರೂ ಬರೆಯುತ್ತೇನೆ. ಎಣ್ಣೆ ಎಣ್ಣೆಯಾಗಿ. ಕೆಲವೊಮ್ಮೆ ಹೇಳದೆ ಕೇಳದೆ, ಬಟ್ಟೆಗೂ. ಜೊತೆಗೆ ಎ, ಡಿ, ಇ, ಕೆ ವಿಟಮಿನ್‌ಗಳೂ ಸೋರುತ್ತವೆ. ಅದಕ್ಕೇ ಡಾಕ್ಟರು ಹೇಳದೆ ತಗೋಬಾರದು.

ನನ್ನ ತಕರಾರು ಇಲ್ಲೇ. ಬೆಣ್ಣೆ ನಿಜವಾಗ್ಲೂ ಮೈಗೆ ಹತ್ತದಿದ್ದರೆ ಬೇರೆಲ್ಲೋ ಕಾಣಬೇಕಲ್ವಾ? ದಿನಾ ಬೆಣ್ಣೆ ದೋಸೆ ತಿಂದೂ ಬಚ್ಚಲಲ್ಲಿ ಏನೂ ಬದಲಾಗಿಲ್ಲ ಅಂದರೆ ಮಾತ್ರೆ ಸುಮ್ನೆ ಕೂತಿದೆ ಅಂತಲೇ ಅರ್ಥ.

ಲ್ಯಾಬಿನ ಗಾಜಿನ ನಳಿಗೆಯಲ್ಲಿ ಎಷ್ಟೋ ಗಿಡಗಳ ಸಾರ ಲೈಪೇಸನ್ನು ತಡೆಯುತ್ತದೆ, ಗ್ರೀನ್ ಟೀ ಕೂಡ. ಸಂಶೋಧನೆ ನಡೆಯಲಿ, ನನಗೂ ಕುತೂಹಲವಿದೆ. ಆದರೆ ನಳಿಗೆಯಲ್ಲಿ ಜಠರವಿಲ್ಲ, ಪಿತ್ತವಿಲ್ಲ, ಎರಡು ದೋಸೆಯೂ ಇಲ್ಲ. ಗಿಡದ್ದು ಅಂದ ಮಾತ್ರಕ್ಕೆ ಸಾಧುವೂ ಅಲ್ಲ. ಗ್ರೀನ್ ಟೀ ಕುಡಿಯುವುದು ಬೇರೆ, ಅದರ ಸಾರವನ್ನು ಗಟ್ಟಿ ಮಾಡಿ ನುಂಗುವುದು ಬೇರೆ. ಗಾರ್ಸೀನಿಯಾ ಮಾತ್ರೆ ತಿಂದು ಲಿವರ್ ಕೆಡಿಸಿಕೊಂಡವರ ವರದಿಗಳೂ ಇವೆ.

ಇಷ್ಟೆಲ್ಲ ಅವನಿಗೂ ಹೇಳಿದೆ. ತಲೆ ಆಡಿಸುತ್ತಾ ಕೇಳಿದ. ನಾನು ನನ್ನ ದೋಸೆಯ ಬೆಣ್ಣೆಯನ್ನು ಚಮಚದಲ್ಲಿ ಪಕ್ಕಕ್ಕೆ ಸರಿಸಿದೆ. "ನಿಂಗೆ ಬೇಡ್ವಾ?" ಅಂದವನೇ ಅದನ್ನೂ ತನ್ನ ತಟ್ಟೆಗೆ ಹಾಕಿಕೊಂಡ.